ಮುಲಾಜಿಲ್ಲದ ಸಹಿ

ಕಂಪನಿಗಳ ಲೆಕ್ಕ ಪರೀಕ್ಷಿಸಿ ಸಹಿ ಹಾಕುವ ಆಡಿಟರ್ ಯಾಕೆ ಮುಲಾಜಿಗೆ ಬೀಳಬಾರದು ಅಂತ, ರಾಯಚೂರಿನಲ್ಲಿ ಬಿ.ಕಾಂ ಮತ್ತು ಸಿಎ ಓದುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳಿವು. ಹಿಂದಿನ ಸಾಲುಗಳಲ್ಲಿ ಗಂಜ್‌ನ, ಅಂದರೆ ಇಲ್ಲಿನ ಕೃಷಿ ಮಾರುಕಟ್ಟೆಯ, ಕೆಲವು ವ್ಯಾಪಾರಿಗಳೂ ಕೂತಿದ್ದರು. ನಡುವೆ ಎರಡು ಸಲ ಕರೆಂಟ್ ಹೋಯಿತು. ಆಗ ಮೈಕ್ ಇಲ್ಲದೆ ಕೂಗಿ ಹೇಳಿದ್ದನ್ನೂ ಸೇರಿಸಿ ಬರೆದಿದ್ದೇನೆ.

ಸೆಕ್ಷನ್‌ಗಳಿಂದ ಶುರು ಮಾಡಿದರೆ ಹತ್ತು ನಿಮಿಷದಲ್ಲಿ ನೀವೆಲ್ಲ ತೂಕಡಿಸುತ್ತೀರಿ. ಅದಕ್ಕೇ ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನಾನು ಆರ್ಟಿಕಲ್‌ಶಿಪ್, ಅಂದರೆ ಒಬ್ಬ ಸಿಎ ಹತ್ತಿರ ತರಬೇತಿ, ಮಾಡುತ್ತಿದ್ದ ಕಾಲ. ಮಾರ್ಚ್ 31. ಆ ಹೊತ್ತಿಗೆ ಈ ಊರಿನ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಒಂದು ಜಿನ್ನಿಂಗ್ ಮಿಲ್‌ನಲ್ಲಿ ಸ್ಟಾಕ್ ಎಣಿಸಿಕೊಂಡು ಬಾ ಅಂತ ನಮ್ಮ ಸರ್ ಕಳಿಸಿದ್ದರು. ಗೋದಾಮಿನಲ್ಲಿ ಅರಳೆ ಬೇಲ್‌ಗಳನ್ನು, ಅಂದರೆ ಒತ್ತಿ ಕಟ್ಟಿದ ಮೂಟೆಗಳನ್ನು, ಒತ್ತಾಗಿ ಒಟ್ಟಿದ್ದರು. ಉದ್ದಕ್ಕೆ 12, ಅಗಲಕ್ಕೆ 8, ಎತ್ತರಕ್ಕೆ 5. ಗುಣಿಸಿದರೆ 480. ಒಂದು ಬೇಲ್‌ಗೆ 170 ಕೆಜಿ ಲೆಕ್ಕ. ಸ್ಟಾಕ್ ಪುಸ್ತಕದಲ್ಲೂ 480 ಅಂತಲೇ ಇತ್ತು. ಆದರೆ ಹೊರಗಿನ ಸಾಲು ನೋಡಿ ಗುಣಿಸಿದರೆ ಅದು ಎಣಿಕೆ ಅಲ್ಲ. ಏಣಿ ಹಾಕಿ ಮೇಲೆ ಹತ್ತಬೇಕು, ಒಳಗೂ ಬೇಲ್ ಇದೆಯಾ ಅಂತ ನೋಡಬೇಕು.

ಅಷ್ಟರಲ್ಲಿ ಊಟದ ಹೊತ್ತಾಯಿತು. ಸಾವ್ಕಾರರು ತಮ್ಮ ಮನೆಗೇ ಕರೆದುಕೊಂಡು ಹೋದರು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಅವರ ತಾಯಿ ಎದುರಿಗೇ ಕೂತು, "ಇನ್ನೊಂದು ರೊಟ್ಟಿ ಹಾಕಿಸ್ಕೊ ತಮ್ಮಾ, ವಯಸ್ಸಿನ ಹುಡುಗ ನೀನು" ಅಂತ ಬಡಿಸಿದರು. ಹಾಸ್ಟೆಲ್ ಊಟ ಉಂಡು ಸಾಕಾಗಿದ್ದ ನಾನು ನಾಲ್ಕು ರೊಟ್ಟಿ ತಿಂದೆ.

ವಾಪಸ್ ಬಂದ ಮೇಲೆ ಏಣಿ ಕೇಳಲು ಬಾಯಿ ಬರಲಿಲ್ಲ. "ಬಿಸಿಲಾಗ ಯಾಕ ಏರ್ತಿ ತಮ್ಮಾ, ತಗಡಿನ ಕಾವು ತಲಿಗಿ ಬಡಿತೈತಿ" ಅಂದರು ಸಾವ್ಕಾರರು. ಈಗ ತಾನೇ ಅವರ ಮನೆಯ ರೊಟ್ಟಿ ತಿಂದಿದ್ದೇನೆ. ಈಗ ಏಣಿ ತನ್ನಿ ಅಂದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂದ ಹಾಗೆ ಅಲ್ವಾ? ಸುಮ್ನೆ 480 ಅಂತ ಬರೆದುಕೊಂಡೆ.

ಸಂಜೆ ಸರ್ ಕೇಳಿದರು, "ಮೇಲೆ ಹತ್ತಿ ನೋಡಿದೆಯಾ?" ಹೌದು ಸರ್ ಅಂದೆ. ಅವರು ನನ್ನ ಅಂಗಿ ನೋಡಿದರು. ಅರಳೆಯ ಒಂದು ಎಳೆಯೂ ಅಂಟಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಹೋಗಿ, ತಾವೇ ಏಣಿ ಹತ್ತಿದರು. ಒಟ್ಟಿಲಿನ ನಟ್ಟನಡುವೆ ಬಾವಿ ತೋಡಿದ ಹಾಗೆ ಖಾಲಿ. ಉದ್ದಕ್ಕೆ 6, ಅಗಲಕ್ಕೆ 4, ಕೆಳಗೆ ನೆಲದವರೆಗೂ. 120 ಬೇಲ್ ಇರಲೇ ಇಲ್ಲ. ಆ ಇಲ್ಲದ ಬೇಲ್‌ಗಳ ಮೇಲೆ ಬ್ಯಾಂಕಿನ ಸಾಲ ಇತ್ತು.

ಸರ್ ಬೈಯಲಿಲ್ಲ. ಕೆಳಗಿಳಿದು ಕೈ ಒರೆಸಿಕೊಳ್ಳುತ್ತಾ ಒಂದೇ ಮಾತು ಕೇಳಿದರು. "ನಿನ್ನೆ ಊಟ ಎಲ್ಲಿ ಮಾಡಿದೆ?"

ಪಠ್ಯಪುಸ್ತಕದಲ್ಲಿ ಇದಕ್ಕೆ 'ಲೆಕ್ಕಪರಿಶೋಧಕರ ಸ್ವಾತಂತ್ರ್ಯ' ಅಂತ ಒಂದು ಅಧ್ಯಾಯ ಇದೆ. ಆ ಮಾತು ಓದಿದರೆ ಆಗಸ್ಟ್ 15ರ ಭಾಷಣ ನೆನಪಾಗುತ್ತದೆಯೇ ಹೊರತು ರೊಟ್ಟಿ ನೆನಪಾಗುವುದಿಲ್ಲ. ನಮ್ಮ ಕಡೆ ಇದಕ್ಕೆ ಇನ್ನೂ ಚೆನ್ನಾಗಿರುವ ಮಾತಿದೆ, ಮುಲಾಜು. ನನಗೆ ಯಾರೂ ಲಂಚ ಕೊಡಲಿಲ್ಲ. ಲಂಚ ಕೊಡಲು ಬಂದಿದ್ದರೆ ನನಗೆ ಭಯ ಆಗುತ್ತಿತ್ತು, ಎಚ್ಚರ ಆಗುತ್ತಿದ್ದೆ. ರೊಟ್ಟಿಗೆ ಯಾರು ಭಯ ಬೀಳುತ್ತಾರೆ? ಆ ತಾಯಿಗೆ ಬೇಲ್ ಕಥೆ ಗೊತ್ತೂ ಇರಲಿಕ್ಕಿಲ್ಲ.

ಗಂಜ್‌ನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಕಾಟಾದ ಹತ್ತಿರ ನಿಂತ ರೈತ ಮುಳ್ಳನ್ನು ಎಷ್ಟು ನೋಡುತ್ತಾನೋ ತೂಗುವವನ ಮುಖವನ್ನೂ ಅಷ್ಟೇ ನೋಡುತ್ತಾನೆ. ಇವನು ಯಾರ ಅಂಗಡಿಯ ಚಹಾ ಕುಡಿದು ಬಂದ ಅಂತ.

ಈಗ ಕಾನೂನಿಗೆ ಬರೋಣ. ಯಾವುದಾದರೂ ಲಿಸ್ಟೆಡ್ ಕಂಪನಿಯ, ಅಂದರೆ ಷೇರುಪೇಟೆಯಲ್ಲಿ ಷೇರು ಇರುವ ಕಂಪನಿಯ, ವಾರ್ಷಿಕ ವರದಿ ತೆಗೆಯಿರಿ. ಆಡಿಟರ್ ಕೊಟ್ಟ ವರದಿಯ ತಲೆಬರಹ ನೋಡಿ. 'ಆಡಿಟರ್ ವರದಿ' ಅಂತ ಇರುವುದಿಲ್ಲ. 'ಸ್ವತಂತ್ರ ಆಡಿಟರ್ ವರದಿ' ಅಂತ ಇರುತ್ತದೆ. ಆ 'ಸ್ವತಂತ್ರ' ಅಲಂಕಾರಕ್ಕೆ ಹಾಕಿದ ಪದ ಅಲ್ಲ. ಅದೂ ಒಂದು ಹೇಳಿಕೆ. ಷೇರು ಕೊಳ್ಳುವವರಿಗೆ, ನನಗೆ ಈ ಕಂಪನಿಯ ಮುಲಾಜಿಲ್ಲ ಅಂತ ಹೇಳಿದ ಹಾಗೆ. ಮುಲಾಜು ಇದ್ದರೆ ವರದಿಯ ಮೊದಲ ಪದವೇ ಸುಳ್ಳು. ಒಳಗಿನ ಅಂಕಿಗಳೆಲ್ಲ ಸರಿ ಇದ್ದರೂ ಸುಳ್ಳು. ಇದು ನಮ್ಮ ಜನಕ್ಕೆ ಅರ್ಥ ಮಾಡಿಸುವುದು ಕಷ್ಟ. "ಲೆಕ್ಕ ಸರಿ ಐತಲ್ರಿ, ಮತ್ತೇನು?" ಅನ್ನುತ್ತಾರೆ.

ಅಮೆರಿಕದ ಒಂದು ಕೇಸ್ ಹೇಳುತ್ತೇನೆ. 2013. ಲಾಸ್ ಏಂಜಲೀಸ್‌ನಲ್ಲಿ ಕೆಪಿಎಂಜಿ ಅನ್ನುವ ಆಡಿಟ್ ಸಂಸ್ಥೆಯ ಒಬ್ಬ ದೊಡ್ಡ ಪಾಲುದಾರ. ಅವನ ಗಾಲ್ಫ್ ಗೆಳೆಯ ಒಬ್ಬ ಆಭರಣ ವ್ಯಾಪಾರಿ. ತಾನು ಆಡಿಟ್ ನೋಡಿಕೊಳ್ಳುವ ಕಂಪನಿಗಳ ಒಳಗಿನ ಸುದ್ದಿಯನ್ನು ಗೆಳೆಯನಿಗೆ ಮೊದಲೇ ಹೇಳುತ್ತಿದ್ದ. ಗೆಳೆಯ ಷೇರು ಆಡಿ ಲಾಭ ಮಾಡಿಕೊಂಡ. ಇವನಿಗೆ ಬಂದದ್ದು ಒಂದು ರೋಲೆಕ್ಸ್ ಗಡಿಯಾರ, ಕಚೇರಿಯ ಹತ್ತಿರ ಕೈಗೆ ಕೈ ಬದಲಾದ ನಗದು, ಸಂಗೀತ ಕಾರ್ಯಕ್ರಮದ ಟಿಕೆಟ್‌ಗಳು. ಅಷ್ಟು ದೊಡ್ಡ ಹುದ್ದೆಯವನು, ಅಷ್ಟಕ್ಕೆ! 2014ರಲ್ಲಿ 14 ತಿಂಗಳ ಜೈಲು ಶಿಕ್ಷೆ ಆಯಿತು.

ನನಗೆ ಮುಖ್ಯ ಅನಿಸುವುದು ಆಮೇಲೆ ಆದದ್ದು. ಕೆಪಿಎಂಜಿ ಅವನು ನೋಡಿಕೊಳ್ಳುತ್ತಿದ್ದ ಎರಡು ಕಂಪನಿಗಳ, ಅಂದರೆ ಹರ್ಬಾಲೈಫ್ ಮತ್ತು ಸ್ಕೆಚರ್ಸ್‌ನ ಆಡಿಟ್ ಬಿಟ್ಟುಕೊಟ್ಟಿತು. ಹಿಂದಿನ ವರ್ಷಗಳ ತನ್ನ ವರದಿಗಳನ್ನೂ ವಾಪಸ್ ತೆಗೆದುಕೊಂಡಿತು. ಲೆಕ್ಕ ತಪ್ಪು ಅಂತ ಅಲ್ಲ. ಸಹಿ ಮಾಡಿದವನು ಸ್ವತಂತ್ರ ಆಗಿರಲಿಲ್ಲ ಅಂತ. ಪಾಪ, ಕಂಪನಿಗಳದ್ದು ಏನೂ ತಪ್ಪಿಲ್ಲ, ಆದರೂ ಬೇರೆ ಆಡಿಟರ್ ಹಿಡಿದು ಹಳೆಯ ವರ್ಷಗಳ ಲೆಕ್ಕವನ್ನು ಮತ್ತೆ ಆಡಿಟ್ ಮಾಡಿಸಬೇಕಾಯಿತು. ಹರ್ಬಾಲೈಫ್‌ನ ಲೆಕ್ಕ ಮತ್ತೆ ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಸಿಗಲಿಲ್ಲ. ಒಬ್ಬನ ಮುಲಾಜಿಗೆ ಅಷ್ಟು ವರ್ಷಗಳ ಸಹಿ ಕೆಟ್ಟುಹೋಯಿತು.

ಇಲ್ಲಿ ಕಳ್ಳತನ ಇತ್ತು, ಸರಿ. ಕಳ್ಳತನವೇ ಇಲ್ಲದ ಕೇಸ್ ಇನ್ನೊಂದಿದೆ. ನನಗೆ ಅದೇ ಜಾಸ್ತಿ ಹಿಡಿಸುವುದು, ಯಾಕೆಂದರೆ ಅದು ನನ್ನ ರೊಟ್ಟಿ ಕೇಸ್.

2016ರ ಸೆಪ್ಟೆಂಬರ್. ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ, ಅರ್ನ್ಸ್ಟ್ ಅಂಡ್ ಯಂಗ್ ಅನ್ನುವ ಆಡಿಟ್ ಸಂಸ್ಥೆಯ ಮೇಲೆ ಎರಡು ಆದೇಶ ಹೊರಡಿಸಿತು. ಒಂದು ಕೇಸಿನಲ್ಲಿ ಕ್ಲೈಂಟ್ ಕಂಪನಿ ಮುನಿಸಿಕೊಂಡಿತ್ತು. ಸಂಬಂಧ ಸರಿ ಮಾಡು ಅಂತ ಒಬ್ಬ ಪಾಲುದಾರನನ್ನು ಹಾಕಿದರು. ಅವನು ಚೆನ್ನಾಗೇ ಸರಿ ಮಾಡಿದ! ಕಂಪನಿಯ ಹಣಕಾಸು ಮುಖ್ಯಸ್ಥನ ಜೊತೆ ಊಟ, ಪ್ರವಾಸ, ಆಟದ ಪಂದ್ಯ. ಇವರ ಮನೆಯಲ್ಲಿ ಅವರು, ಅವರ ಮನೆಯಲ್ಲಿ ಇವರು. ಸುತ್ತಾಟಕ್ಕೆ ಸಂಸ್ಥೆಯ ಲೆಕ್ಕದಲ್ಲಿ 1 ಲಕ್ಷ ಡಾಲರ್‌ಗಿಂತ ಹೆಚ್ಚು ಬಿಲ್ ಆಯಿತು. ಬಿಲ್ ಪಾಸ್ ಮಾಡುವವರು ಕಣ್ಣು ಮುಚ್ಚಿಕೊಂಡು ಪಾಸ್ ಮಾಡಿದರು. ಎರಡನೇ ಕೇಸಿನಲ್ಲಿ ಆಡಿಟ್ ತಂಡದ ಪಾಲುದಾರೆಗೂ ಕಂಪನಿಯ ಮುಖ್ಯ ಅಕೌಂಟಿಂಗ್ ಅಧಿಕಾರಿಗೂ ಪ್ರೇಮ ಸಂಬಂಧ ಇತ್ತು. ಎರಡೂ ಸೇರಿ ಸಂಸ್ಥೆ ಸುಮಾರು 93 ಲಕ್ಷ ಡಾಲರ್ ಕಟ್ಟಿತು. ತಪ್ಪು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, ಹಣ ಕಟ್ಟಿ ಮುಗಿಸಿಕೊಂಡರು. ಅತಿಯಾದ ವೈಯಕ್ತಿಕ ಒಡನಾಟವೇ ಸ್ವಾತಂತ್ರ್ಯ ಭಂಗ ಅಂತ ಎಸ್‌ಇಸಿ ಕ್ರಮ ತೆಗೆದುಕೊಂಡದ್ದು ಅದೇ ಮೊದಲು.

ಇಲ್ಲಿ ಸುಳ್ಳು ಬಿಲ್ ಇಲ್ಲ, ಇಲ್ಲದ ಬೇಲ್ ಇಲ್ಲ. ದೋಸ್ತಿ ಅಷ್ಟೇ. ಇದನ್ನು ನಾನು ಗಂಜ್‌ನಲ್ಲಿ ಒಬ್ಬರಿಗೆ ಹೇಳಿದಾಗ, "ಅಮೆರಿಕಾದಾಗ ದೋಸ್ತಿ ಮಾಡಿದ್ರೂ ದಂಡ ಏನ್ರಿ?" ಅಂತ ನಕ್ಕರು. ದೋಸ್ತಿಗೆ ದಂಡ ಅಲ್ಲ. ದೋಸ್ತಿ ಮಾಡಿಕೊಂಡು 'ಸ್ವತಂತ್ರ' ಅಂತ ಸಹಿ ಹಾಕಿದ್ದಕ್ಕೆ.

ಇನ್ನು ನಮ್ಮ ಕಡೆಗೆ ಬರೋಣ. ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಆಸ್ಪತ್ರೆಗೂ ಅಲ್ಲಿಗೇ, ಮದುವೆ ಬಟ್ಟೆಗೂ ಅಲ್ಲಿಗೇ. ಹಾಗಾಗಿ 2009ರ ಜನವರಿ 7 ನಮಗೆ ದೂರದ ಸುದ್ದಿ ಆಗಿರಲಿಲ್ಲ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಮುಖ್ಯಸ್ಥ ರಾಮಲಿಂಗ ರಾಜು, ಲೆಕ್ಕ ಸುಳ್ಳು ಅಂತ ಪತ್ರ ಬರೆದು ಒಪ್ಪಿಕೊಂಡ ದಿನ ಅದು. ಲೆಕ್ಕದ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಠೇವಣಿ 5,361 ಕೋಟಿ ರೂಪಾಯಿ ಅಂತ ಇತ್ತು. ಅದರಲ್ಲಿ 5,040 ಕೋಟಿ ಇರಲೇ ಇಲ್ಲ.

ಬೇಲ್ ಒಟ್ಟಿಲಿನ ನಡುವಿನ ಬಾವಿ ನೆನಪಾಯಿತಾ? ನನಗಂತೂ ಆಯಿತು. ಬ್ಯಾಂಕಿನಲ್ಲಿರುವ ದುಡ್ಡು ಎಣಿಸಲು ಏಣಿ ಕೂಡ ಬೇಕಿಲ್ಲ. ಒಂದು ಕಾಗದ ಸಾಕು. ಆ ಕಾಗದದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಪರೀಕ್ಷೆಗಲ್ಲದಿದ್ದರೂ ಕೆಲಸಕ್ಕೆ ಬರುತ್ತದೆ.

ಆಡಿಟರ್ ಬ್ಯಾಂಕಿಗೆ ಒಂದು ಪತ್ರ ಬರೆಯುತ್ತಾರೆ. ಇಂಥ ಕಂಪನಿಯ ಖಾತೆಯಲ್ಲಿ ಮಾರ್ಚ್ 31ಕ್ಕೆ ಎಷ್ಟಿದೆ, ಠೇವಣಿ ಎಷ್ಟು, ಅದರ ಮೇಲೆ ಸಾಲ ಇದೆಯಾ ಅಂತ ಕೇಳುತ್ತಾರೆ. ಕಂಪನಿ ಅದಕ್ಕೆ ಒಪ್ಪಿಗೆ ಸಹಿ ಹಾಕುತ್ತದೆ. ಅಲ್ಲಿಗೆ ಕಂಪನಿಯ ಕೆಲಸ ಮುಗಿಯಿತು. ಲಕೋಟೆಗೆ ಹಾಕಿ ಅಂಟಿಸುವವರು ಆಡಿಟರ್. ಅಂಚೆಗೆ ಹಾಕುವವರು ಆಡಿಟರ್. ಉತ್ತರ ಬರಬೇಕಾದ್ದು ಆಡಿಟರ್ ಆಫೀಸಿನ ವಿಳಾಸಕ್ಕೆ. ಕಂಪನಿಯ ಕೈ ನಡುವೆ ಎಲ್ಲೂ ಬರಬಾರದು. ಇಷ್ಟೇ. ಆದರೆ ಕಂಪನಿಯ ಅಕೌಂಟ್ಸ್‌ನವರು, "ಸರ್, ನಮ್ಮ ಹುಡುಗ ದಿನಾ ಬ್ಯಾಂಕಿಗೆ ಹೋಗ್ತಾನೆ, ಅವನ ಕೈಯಲ್ಲಿ ಕೊಡಿ, ಸಂಜೆಗೆ ಸೀಲ್ ಹಾಕಿಸಿ ತರ್ತಾನೆ" ಅನ್ನುತ್ತಾರೆ. ಎಷ್ಟು ಸಲೀಸು! ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಮುಲಾಜು.

ಸತ್ಯಂನಲ್ಲಿ ಹೆಚ್ಚುಕಡಿಮೆ ಇದೇ ಆದದ್ದು ಅಂತ ಎಸ್‌ಇಸಿ ಹೇಳಿತು. ಸತ್ಯಂ ಷೇರು ನ್ಯೂಯಾರ್ಕ್ ಪೇಟೆಯಲ್ಲೂ ಇತ್ತು, ಅದಕ್ಕೇ ಅವರಿಗೆ ಅಧಿಕಾರ. ಬ್ಯಾಂಕ್ ಪತ್ರಗಳನ್ನು ಆಡಿಟರ್‌ಗಳು ತಾವೇ ಕಳಿಸದೆ ಕಂಪನಿಯ ಕೈಗೆ ಬಿಟ್ಟಿದ್ದರು, ಉತ್ತರಗಳೂ ಕಂಪನಿಯ ಕೈಯಿಂದಲೇ ಬರುತ್ತಿದ್ದವು. 2011ರ ಏಪ್ರಿಲ್‌ನಲ್ಲಿ ಸತ್ಯಂನ ಆಡಿಟರ್ ಆಗಿದ್ದ ಪ್ರೈಸ್ ವಾಟರ್‌ಹೌಸ್ (ಪಿಡಬ್ಲ್ಯು) ಬಳಗದ ಭಾರತದ ಸಂಸ್ಥೆಗಳು ಎಸ್‌ಇಸಿಗೆ 60 ಲಕ್ಷ ಡಾಲರ್, ಅಲ್ಲಿನ ಆಡಿಟ್ ಮೇಲ್ವಿಚಾರಣಾ ಮಂಡಳಿಗೆ 15 ಲಕ್ಷ ಡಾಲರ್ ಕಟ್ಟಿದವು. ಹಗರಣ ಹೊರಬಂದು ಎರಡೂ ಕಾಲು ವರ್ಷಕ್ಕೆ.

ನಮ್ಮಲ್ಲಿ? ನಮ್ಮ ಷೇರುಪೇಟೆ ನಿಯಂತ್ರಕ ಸೆಬಿಯ ಆದೇಶ ಬಂದದ್ದು 2018ರ ಜನವರಿ 10ಕ್ಕೆ. ಒಂಬತ್ತು ವರ್ಷ. ಆಗ ಹುಟ್ಟಿದ ಮಗು ನಾಲ್ಕನೇ ಕ್ಲಾಸಿಗೆ ಬಂದಿತ್ತು. ತಡ ಆದರೂ ಆದೇಶ ಬಿಗಿಯಾಗಿತ್ತು. ಪಿಡಬ್ಲ್ಯು ಹೆಸರಿನ ಯಾವ ಸಂಸ್ಥೆಯೂ ಎರಡು ವರ್ಷ ಲಿಸ್ಟೆಡ್ ಕಂಪನಿಗಳ ಆಡಿಟ್ ಸರ್ಟಿಫಿಕೇಟ್ ಕೊಡುವಂತಿಲ್ಲ. ಸತ್ಯಂನಿಂದ ಪಡೆದ 13 ಕೋಟಿ ಚಿಲ್ಲರೆಯನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಇಬ್ಬರು ಮಾಜಿ ಪಾಲುದಾರರಿಗೆ ಮೂರು ವರ್ಷ ನಿಷೇಧ.

ಅವರು ಮೇಲ್ಮನವಿಗೆ ಹೋದರು. 2019ರ ಸೆಪ್ಟೆಂಬರ್ 9ರಂದು ಮೇಲ್ಮನವಿ ನ್ಯಾಯಮಂಡಳಿ ನಿಷೇಧವನ್ನು ರದ್ದು ಮಾಡಿತು. ಆಡಿಟ್‌ನ ಗುಣಮಟ್ಟ ಅಳೆಯುವುದು ಸೆಬಿಯ ಕೆಲಸ ಅಲ್ಲ, ಅದು ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಕೆಲಸ ಅಂದಿತು. ನಿರ್ಲಕ್ಷ್ಯ ಬೇರೆ, ಬೇಕೆಂದೇ ಮಾಡಿದ ಮೋಸ ಬೇರೆ. ಮೋಸದಲ್ಲಿ ಕೈಜೋಡಿಸಿದ್ದು ಸಾಬೀತಾಗಿಲ್ಲ ಅಂದಿತು. ಹಣ ವಾಪಸ್ ಕಟ್ಟಿಸುವ ಭಾಗವನ್ನು ಮಾತ್ರ ಉಳಿಸಿಕೊಂಡಿತು.

ನನ್ನನ್ನು ಕೇಳಿದರೆ, ಕಾನೂನಿನ ಓದಿನಲ್ಲಿ ನ್ಯಾಯಮಂಡಳಿಯ ಮಾತು ತೀರಾ ತಳ್ಳಿಹಾಕುವಂಥದ್ದಲ್ಲ. ಹೈದರಾಬಾದಿನಲ್ಲಿ ಕೆಲವರು ಮಾಡಿದ್ದಕ್ಕೆ ಕೋಲ್ಕತ್ತದಲ್ಲಿ ಕೂತ ಪಾಲುದಾರನಿಗೂ ನಿಷೇಧ ಯಾಕೆ ಅನ್ನುವ ಪ್ರಶ್ನೆಯೂ ಸರಿಯೇ. ಆದರೆ ಷೇರು ಕೊಂಡು ಕೈ ಸುಟ್ಟುಕೊಂಡವರ ಕಡೆಯಿಂದ ನೋಡಿ. ಗಂಜ್‌ನಲ್ಲಿ ಕಾಟಾ ಸುಳ್ಳಾದರೆ ಎಪಿಎಂಸಿ ಹಿಡಿಯಬೇಕೋ, ತೂಕ ಅಳತೆ ಇಲಾಖೆ ಹಿಡಿಯಬೇಕೋ ಅಂತ ಇಬ್ಬರೂ ಹತ್ತು ವರ್ಷ ವಾದ ಮಾಡಿದರೆ, ರೈತನ ಹತ್ತಿ ಎಲ್ಲಿಗೆ ಹೋಯಿತು?

ಈ ಎಳೆದಾಟದ ನಡುವೆಯೇ ಒಂದು ಹೊಸ ಸಂಸ್ಥೆ ಹುಟ್ಟಿತು, ಎನ್‌ಎಫ್‌ಆರ್‌ಎ. ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ. 2013ರ ಕಂಪನಿ ಕಾಯ್ದೆಯ 132ನೇ ಸೆಕ್ಷನ್‌ನಲ್ಲೇ ಅದರ ಹೆಸರಿತ್ತು. ನಿಜವಾಗಿ ಶುರುವಾದದ್ದು 2018ರ ಅಕ್ಟೋಬರ್ 1ಕ್ಕೆ. ಐದು ವರ್ಷ ಕಾಗದದಲ್ಲೇ ಇತ್ತು. ಲಿಸ್ಟೆಡ್ ಕಂಪನಿಗಳ, ದೊಡ್ಡ ಕಂಪನಿಗಳ ಆಡಿಟರ್‌ಗಳು ಈಗ ಇದರ ಕಣ್ಣಿನ ಕೆಳಗೆ ಬರುತ್ತಾರೆ. ತಪ್ಪು ಸಾಬೀತಾದರೆ ಒಬ್ಬ ಆಡಿಟರ್‌ಗೆ ಕನಿಷ್ಠ 1 ಲಕ್ಷದಿಂದ ಅವರು ಪಡೆದ ಫೀಯ ಐದು ಪಟ್ಟಿನವರೆಗೆ ದಂಡ. ಆರು ತಿಂಗಳಿಂದ ಹತ್ತು ವರ್ಷದವರೆಗೆ ನಿಷೇಧ. ದಂಡಕ್ಕಿಂತ ನಿಷೇಧಕ್ಕೇ ನಮ್ಮವರು ಹೆದರುವುದು. ಹತ್ತು ವರ್ಷ ಬೋರ್ಡ್ ಇಳಿಸಿದರೆ ಆಮೇಲೆ ಯಾರು ಬರುತ್ತಾರೆ?

ಇನ್ನೊಂದು ಬಾಗಿಲೂ ಇದೆ. ಆಡಿಟರ್ ಮೋಸದಲ್ಲಿ ಶಾಮೀಲಾದರೆ ಅದೇ ಕಾಯ್ದೆಯ ಸೆಕ್ಷನ್ 140(5)ರ ಕೆಳಗೆ ಕಂಪನಿ ನ್ಯಾಯಮಂಡಳಿಯೇ ಅವರನ್ನು ತೆಗೆದುಹಾಕಬಹುದು. ಹಾಗೆ ತೆಗೆದರೆ ಐದು ವರ್ಷ ಯಾವ ಕಂಪನಿಗೂ ಆಡಿಟರ್ ಆಗುವಂತಿಲ್ಲ. ಐಎಲ್ ಅಂಡ್ ಎಫ್‌ಎಸ್ ಅನ್ನುವ ಹಣಕಾಸು ಬಳಗದ ಕೇಸಿನಲ್ಲಿ ಆಡಿಟರ್‌ಗಳ ವಾದ, ನಾವು ಆಗಲೇ ಆ ಕೆಲಸದಿಂದ ಹೊರಗೆ ಬಂದಿದ್ದೇವೆ, ಇನ್ನು ತೆಗೆಯುವುದು ಯಾರನ್ನು ಅಂತ. ಜಾಣ ವಾದವೇ. 2023ರ ಮೇ 3ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ರಾಜೀನಾಮೆ ಕೊಟ್ಟ ಮಾತ್ರಕ್ಕೆ ವಿಚಾರಣೆ ನಿಲ್ಲುವುದಿಲ್ಲ ಅಂದಿತು.

ಇದೆಲ್ಲ ದೊಡ್ಡವರ ಕಥೆ ಅಂತ ನಿಮಗೆ ಅನಿಸಬಹುದು. ನಾಳೆ ನೀವು ಸಿಎ ಆಗಿ ಇಲ್ಲೇ ಬೋರ್ಡ್ ಹಾಕಿದರೆ ಏನಾಗುತ್ತದೆ ನೋಡಿ.

ಸಿಂಧನೂರಿನ ಒಬ್ಬ ರೈಸ್ ಮಿಲ್‌ನವರು ಬರುತ್ತಾರೆ ಅಂತಿಟ್ಟುಕೊಳ್ಳಿ. ಜಿಎಸ್‌ಟಿ ರಿಟರ್ನ್ ನಿಮ್ಮದೇ. ಆದಾಯ ತೆರಿಗೆ ನಿಮ್ಮದೇ. ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವವರೂ ನೀವೇ. ಟ್ಯಾಲಿಯಲ್ಲಿ ಎಂಟ್ರಿ ಹಾಕುವ ಹುಡುಗಿಗೂ ಸಂಬಳ ನಿಮ್ಮ ಆಫೀಸಿನಿಂದ. ಅವರ ಮಗಳ ಮದುವೆಗೆ ಮೊದಲ ಪತ್ರಿಕೆ ಬರುವುದೂ ನಿಮಗೇ. ಸಣ್ಣ ಊರಿನಲ್ಲಿ ಇದನ್ನು ನಾನು ತಪ್ಪು ಅನ್ನುವುದಿಲ್ಲ, ಹೀಗೇ ಹೊಟ್ಟೆ ಹೊರೆಯುವುದು. ಆದರೆ ಆ ಮಿಲ್ ಕಂಪನಿಯಾಗಿ, ಅದಕ್ಕೆ ನೀವೇ ಶಾಸನಬದ್ಧ ಆಡಿಟರ್ ಆದ ದಿನ 144ನೇ ಸೆಕ್ಷನ್ ಬಂದು ನಿಲ್ಲುತ್ತದೆ. ಲೆಕ್ಕದ ಪುಸ್ತಕ ಬರೆಯುವ ಕೆಲಸ, ಇಂಟರ್ನಲ್ ಆಡಿಟ್, ಹೂಡಿಕೆ ಸಲಹೆ, ಆಡಳಿತದ ಕೆಲಸ, ಇವು ಯಾವುದನ್ನೂ ಅದೇ ಕಂಪನಿಗೆ ಮಾಡುವಂತಿಲ್ಲ. ತಾನೇ ಬರೆದ ಪರೀಕ್ಷೆಗೆ ತಾನೇ ಮಾರ್ಕ್ಸ್ ಹಾಕಿದ ಹಾಗೆ ಆಗುತ್ತದೆ.

141ನೇ ಸೆಕ್ಷನ್ ಇನ್ನೂ ಮನೆಯೊಳಗೆ ಬರುತ್ತದೆ. ಆಡಿಟರ್ ತನ್ನ ಹೆಸರಲ್ಲಿ ಆ ಕಂಪನಿಯ ಒಂದು ಷೇರನ್ನೂ ಇಟ್ಟುಕೊಳ್ಳುವಂತಿಲ್ಲ. ಹೆಂಡತಿ, ಅಪ್ಪ, ಅಣ್ಣ ತಮ್ಮಂದಿರ ಬಳಿ 1 ಲಕ್ಷ ಮುಖಬೆಲೆಯವರೆಗೆ ಇರಬಹುದು. ಮುಖಬೆಲೆ ಅಂತ ಗಮನಿಸಿ, ಪೇಟೆ ಬೆಲೆ ಅಲ್ಲ. 10 ರೂಪಾಯಿ ಮುಖಬೆಲೆಯ 10,000 ಷೇರು. ಪೇಟೆಯಲ್ಲಿ ಒಂದಕ್ಕೆ 2,000 ಇದ್ದರೆ ಅದು 2 ಕೋಟಿ! ಈ ಲೆಕ್ಕ ಮಾಡಿದವರ ತಲೆಯಲ್ಲಿ ಏನಿತ್ತೋ ನನಗೆ ಇವತ್ತಿಗೂ ಹೊಳೆದಿಲ್ಲ.

ಮಾತು ಮುಗಿಸುವಾಗ ಒಬ್ಬ ಹುಡುಗ ಎದ್ದು ಕೇಳಿದ. "ಸರ್, ಫೀ ಕೊಡೋದೇ ಅವರು. ಮುಲಾಜಿಲ್ಲದೆ ಹೆಂಗ ಇರೋದು?"

ಒಳ್ಳೆಯ ಪ್ರಶ್ನೆ. ಜಗತ್ತಿನಲ್ಲಿ ಎಲ್ಲೂ ಇದಕ್ಕೆ ಪೂರ್ತಿ ಉತ್ತರ ಸಿಕ್ಕಿಲ್ಲ. ಲೆಕ್ಕದ ಮೋಸದಲ್ಲಿ ಮುಳುಗಿದ ಅಮೆರಿಕದ ಎನ್ರಾನ್ ಕಂಪನಿ 2000ನೇ ಇಸವಿಯಲ್ಲಿ ತನ್ನ ಆಡಿಟರ್ ಆರ್ಥರ್ ಆಂಡರ್ಸನ್‌ಗೆ ಆಡಿಟ್‌ಗೆ ಕೊಟ್ಟದ್ದು ಎರಡೂವರೆ ಕೋಟಿ ಡಾಲರ್. ಬೇರೆ ಕೆಲಸಗಳಿಗೆ ಕೊಟ್ಟದ್ದು 2.7 ಕೋಟಿ. ಅಷ್ಟು ಬರುತ್ತಿದ್ದರೆ ಏಣಿ ತನ್ನಿ ಅನ್ನಲು ಯಾರಿಗೆ ಮನಸ್ಸಾಗುತ್ತದೆ? ಕಾನೂನು ಮಾಡಿರುವುದು ಹಗ್ಗ ಸಡಿಲ ಮಾಡುವ ಕೆಲಸ ಅಷ್ಟೇ. ಲಿಸ್ಟೆಡ್ ಕಂಪನಿಯಲ್ಲಿ ಒಂದು ಆಡಿಟ್ ಸಂಸ್ಥೆ ಐದೈದು ವರ್ಷದ ಎರಡು ಅವಧಿಗಿಂತ ಹೆಚ್ಚು ಕೂರುವಂತಿಲ್ಲ. ಆಮೇಲೆ ಐದು ವರ್ಷ ದೂರ ಇರಬೇಕು. ನೇಮಕಕ್ಕೆ ಷೇರುದಾರರ ಒಪ್ಪಿಗೆ ಬೇಕು. ಆಡಿಟರ್‌ಗೂ ಅವರ ಬಳಗದ ಸಂಸ್ಥೆಗಳಿಗೂ ಒಟ್ಟು ಎಷ್ಟು ಕೊಟ್ಟೆವು ಅಂತ ವಾರ್ಷಿಕ ವರದಿಯಲ್ಲಿ ಹೇಳಬೇಕು.

ಆಗ ಹಿಂದಿನಿಂದ ಗಂಜ್‌ನವರೊಬ್ಬರು, "ಸರ್, ಇವತ್ತ ಊಟಕ್ಕ ನಮ್ಮನಿಗಿ ಕರೀಬೇಕಂತಿದ್ದೆ, ಈಗ ಅಂಜಿಕಿ ಆಗಾಕತ್ತೈತಿ" ಅಂದರು. ಎಲ್ಲರೂ ನಕ್ಕರು. ಅವರ ಆಡಿಟ್ ನನ್ನ ಹತ್ತಿರ ಇಲ್ಲ ಅಂತ ನೆನಪು ಮಾಡಿಕೊಂಡು, ಬರುತ್ತೇನೆ ಅಂದೆ.

ಅಷ್ಟರಲ್ಲಿ ಎರಡನೇ ಸಲ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಮುಂದಿನ ಸಾಲಿನ ಒಬ್ಬ ಹುಡುಗಿ ಮೊಬೈಲಿನಲ್ಲಿ ಯಾವುದೋ ಕಂಪನಿಯ ವಾರ್ಷಿಕ ವರದಿ ತೆರೆದು ಹುಡುಕುತ್ತಿದ್ದಳು. ಅವಳ ಅಪ್ಪ ಆ ಕಂಪನಿಯ ಷೇರು ತಗೊಂಡಿದ್ದಾರಂತೆ. "ಸಿಕ್ತು ಸರ್" ಅಂತ ವೇದಿಕೆಯ ಹತ್ತಿರ ಬಂದಳು. ಆಡಿಟ್ ಫೀ ಒಂದು ಸಾಲು, ಇತರ ಸೇವೆಗಳು ಇನ್ನೊಂದು ಸಾಲು. ಎರಡನೇದೇ ದೊಡ್ಡದಿತ್ತು.

"ಇದು ತಪ್ಪಾ ಸರ್?"

ಇಷ್ಟರಿಂದಲೇ ಹೇಳಲಾಗುವುದಿಲ್ಲ ಅಂದೆ. ಸರ್ಟಿಫಿಕೇಟ್ ಕೊಟ್ಟದ್ದಾ, ತೆರಿಗೆ ಕೆಲಸವಾ, 144ರಲ್ಲಿ ಬೇಡ ಅಂದಿರುವುದಾ ನೋಡಬೇಕು. ಯಾವ ವರ್ಷದಿಂದ ಇದೇ ಆಡಿಟರ್ ಇದ್ದಾರೆ ಅಂತಲೂ ನೋಡು ಅಂದೆ. ಅವಳು ಮತ್ತೆ ಪುಟ ಸರಿಸತೊಡಗಿದಳು. ಸ್ವಲ್ಪ ಹೊತ್ತಿಗೆ, "ಎಂಟನೇ ವರ್ಷ ಸರ್" ಅಂದಳು. ಇನ್ನೂ ಏನೋ ಕೇಳುವವಳಿದ್ದಳು. ಅಷ್ಟರಲ್ಲಿ ಮೊಬೈಲ್ ಚಾರ್ಜ್ ಖಾಲಿಯಾಯಿತು.